ವಂಶಾವಳಿ ಬರೆಯಲು ಹೋಗಿ ಗೊರೂರರನ್ನು ಓದಿದ್ದು

ನಮ್ಮ ತವರಿನ ವಂಶಾವಳಿ ಒಂದು, ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರವಣಿಗೆಯಲ್ಲಿ ನಮ್ಮ ಹೊಳೆಸಾಲು ಹೇಗೆ ಕಾಣುತ್ತದೆ ಎಂದು ನೋಡಿದ ಸಣ್ಣ ಪುಸ್ತಕ ಇನ್ನೊಂದು. ಎರಡೂ ಅಚ್ಚಾಗಿ ಬಂದವು. ಬಂದ ದಿನದಿಂದ ಫೋನಿಗೆ ಬಿಡುವಿಲ್ಲ. "ನಮ್ಮ ಮನೇದೂ ಮಾಡಬೇಕು ಅಂತಿದ್ದೀವಿ, ಎಲ್ಲಿಂದ ಶುರು ಮಾಡೋದು? ಎಷ್ಟಾಗುತ್ತೆ?" ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಮರೆಯುವ ಮುಂಚೆ ಬರೆದಿಡೋಣ ಎಂದು ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಸಂಕ್ರಾಂತಿಗೆ ಹಂಚೋಣ ಎಂದುಕೊಂಡ ಪುಸ್ತಕ ಅದರ ಮುಂದಿನ ಸಂಕ್ರಾಂತಿಯನ್ನೂ ದಾಟಿತು.

ನಮ್ಮೂರು ಹೇಮಾವತಿಯ ಹಿನ್ನೀರಿನಲ್ಲಿದೆ. ಗೊರೂರಿನ ಹತ್ತಿರ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು, ಊರು ಮುಳುಗಿತು. ಶೆಟ್ಟಿಹಳ್ಳಿಯ ಹಳೇ ಚರ್ಚು ನೀರು ಇಳಿದಾಗ ಕಾಣುತ್ತೆ, ಜನ ಫೋಟೋ ತೆಗೆಯೋಕೆ ಹೋಗುತ್ತಾರೆ. ನಮ್ಮೂರಲ್ಲಿ ಅಷ್ಟು ಎತ್ತರದ್ದು ಏನೂ ಇರಲಿಲ್ಲ. ಹಾಗಾಗಿ ಊರಿಗೆ ಹೋಗಿ, ಹಳೇ ಮನೆ ನೋಡಿ, ಪಕ್ಕದ ಮನೆಯವರನ್ನು ಕೇಳಿ ಬರೆಯುವ ದಾರಿ ನಮಗಿರಲಿಲ್ಲ. ಊರಿನವರು ಎಲ್ಲೆಲ್ಲೋ ಚದುರಿ ಹೋಗಿದ್ದಾರೆ.

ಮೊದಲು ಕಾಗದ ಹುಡುಕಬೇಡಿ, ಮೊದಲು ವಯಸ್ಸಾದವರ ಹತ್ತಿರ ಹೋಗಿ. ಕಾಗದ ಇನ್ನೊಂದು ವರ್ಷ ಕಾಯುತ್ತೆ, ಅವರು ಕಾಯುತ್ತಾರೆ ಅಂತ ಹೇಳೋಕಾಗಲ್ಲ. ನಾನು ದೊಡ್ಡಮ್ಮನಿಂದ ಶುರು ಮಾಡಿದೆ. ತೊಂಬತ್ತು ದಾಟಿದ್ದಾರೆ, ಕಿವಿ ಮಂದ, ನೆನಪು ಮಾತ್ರ ಗಟ್ಟಿ. ಅವರನ್ನು ಕೇಳಿಯೇ ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ಕೂತೆ. "ನಿಮ್ಮ ಅತ್ತೆಯ ಅತ್ತೆ ಹೆಸರೇನು ದೊಡ್ಡಮ್ಮ?" ಅಂದರೆ, "ಕಟ್ಟಾಯದವಳು" ಅಂದರು. ಅವಳ ಓರಗಿತ್ತಿ? "ಹೊಳೆನರಸೀಪುರದವಳು." ಹೆಸರು? "ಹೆಸರು ಯಾರು ಕರೀತಿದ್ರವ್ವ?" ಗಂಡಸರಿಗಾದರೆ ಅಡ್ಡಹೆಸರು: ಗಿಡ್ಡಜ್ಜ, ಮೀಸೆ ಅಜ್ಜ, ಕರಿಯಜ್ಜ. ಹಿರೀಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಇದ್ದುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಬರುತ್ತೆ, ಅಡ್ಡಹೆಸರು ಇಲ್ಲದಿದ್ದರೆ ಯಾರು ಯಾರೆಂದು ಬಿಡಿಸುವುದೇ ಆಗುತ್ತಿರಲಿಲ್ಲ. ನೀವೂ ಅಡ್ಡಹೆಸರುಗಳನ್ನು ತಮಾಷೆ ಎಂದು ಬಿಡಬೇಡಿ, ಬರೆದುಕೊಳ್ಳಿ.

ಹೆಂಗಸರ ಹೆಸರು ಸಿಕ್ಕಿದ್ದು ಅಟ್ಟದ ಮೇಲೆ. ಮದುವೆಗೆ ಕೊಟ್ಟ ಹಿತ್ತಾಳೆ, ತಾಮ್ರದ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುತ್ತಿದ್ದರಲ್ವಾ, ಅದು. ಉಳಿ ಇಟ್ಟು ಕುಟ್ಟಿದ ಚುಕ್ಕೆ ಚುಕ್ಕೆ ಅಕ್ಷರ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಣಗಿಸಿ, ಚುಕ್ಕೆಗಳಿಗೆ ರಂಗೋಲಿ ಪುಡಿ ತುಂಬಿ, ಮೇಲಿನದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಬಿಳಿ ಅಕ್ಷರ ಎದ್ದು ಕಾಣುತ್ತವೆ. ಒಂದು ಹಂಡೆಯ ಕಂಠದ ಮೇಲೆ ಕೊಟ್ಟವರ ಹೆಸರು, ಊರು, ಮದುಮಗಳ ಹೆಸರು, ಕೊನೆಗೆ ಸಂವತ್ಸರ, ನಾಲ್ಕೂ ಇದ್ದವು. ಯಾವ ಸರ್ಕಾರಿ ದಾಖಲೆಯಲ್ಲೂ ನಮಗೆ ಒಬ್ಬ ಹೆಂಗಸಿನ ಬಗ್ಗೆ ಇಷ್ಟು ವಿವರ ಒಂದೇ ಕಡೆ ಸಿಗಲಿಲ್ಲ. ಹಳೇ ಪಾತ್ರೆ ಹಾಕಿ ಹೊಸ ಸ್ಟೀಲು ತಗೊಳ್ಳುವ ಮನೆಯವರು ಹಾಕುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಸಂವತ್ಸರದ ವಿಷಯದಲ್ಲಿ ಒಂದು ಎಚ್ಚರಿಕೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತೆ. ಹಂಡೆಯ ಮೇಲಿದ್ದದ್ದು ರಕ್ತಾಕ್ಷಿ. ಅದು 1924ರದ್ದೂ ಆಗಬಹುದು, 1864ರದ್ದೂ ಆಗಬಹುದು. ಜೊತೆಗೆ ಇನ್ನೊಂದು ಗುರುತು ಬೇಕು. ಆ ಹಂಡೆಯ ಮದುಮಗಳು ದೊಡ್ಡಮ್ಮನ ಅತ್ತೆ. ಅವರು ಹೇಳುತ್ತಿದ್ದರಂತೆ, "ನಾನು ಈ ಮನೆಗೆ ಬಂದ ವರ್ಷವೇ ಹೊಳೆ ಉಕ್ಕಿ ಊರೊಳಗೆ ಬಂತು" ಎಂದು. 1924ರ ಜುಲೈಯಲ್ಲಿ ಕಾವೇರಿ ಸೀಮೆಗೆಲ್ಲ ದೊಡ್ಡ ಪ್ರವಾಹ ಬಂದಿತ್ತು. ಹೊಂದಿಕೆಯಾಯಿತು. ಪ್ಲೇಗಿನ ವರ್ಷ, ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದ ವರ್ಷ, ಇಂಥವನ್ನು ಕೇಳುತ್ತಾ ಹೋದರೆ ಇಸವಿ ತಾನಾಗಿಯೇ ಹತ್ತಿರ ಬರುತ್ತೆ.

ಆಮೇಲೆ ಕಾಗದದ ಸರದಿ. ಬಹಳ ಜನ ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ತಗೊಂಡರೆ ಮುಗೀತು ಅಂದುಕೊಳ್ಳುತ್ತಾರೆ. ಅದು ಖಾತೆ ಬದಲಾವಣೆಗೆ, ವಾರಸುದಾರರು ಯಾರು ಅಂತ ತೋರಿಸೋಕೆ ಇರುವ ಕಾಗದ. ಅಫಿಡವಿಟ್ ನೀವೇ ಕೊಡಬೇಕು, ಅಂದರೆ ನಿಮಗೆ ಗೊತ್ತಿರುವುದನ್ನೇ ಅವರು ಸೀಲು ಹಾಕಿ ವಾಪಸ್ ಕೊಡುತ್ತಾರೆ. ಇತಿಹಾಸಕ್ಕೆ ಉಪಯೋಗ ಕಡಿಮೆ. ಹಳೇ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರು, ಪಾಲುಪಟ್ಟಿ, ಕ್ರಯಪತ್ರ, ಇವು ಕೆಲಸಕ್ಕೆ ಬರುತ್ತವೆ. "ಇಂಥವರು ಮರಣ ಹೊಂದಿದ್ದರಿಂದ ಅವರ ಮಕ್ಕಳಾದ" ಎಂದು ಶುರುವಾಗುವ ಒಂದು ಮ್ಯುಟೇಶನ್ ಸಾಲಿನಲ್ಲಿ ಎರಡು ತಲೆಮಾರು ಕೂತಿರುತ್ತೆ.

ತೊಂದರೆ ಏನೆಂದರೆ, ಯಾವುದನ್ನು ಕೇಳಿದರೂ ಮೊದಲ ಪ್ರಶ್ನೆ "ಸರ್ವೆ ನಂಬರ್ ಎಷ್ಟು?" ಮುಳುಗಿದ ಜಮೀನಿನ ಸರ್ವೆ ನಂಬರ್ ಯಾರಿಗೆ ನೆನಪಿರುತ್ತೆ? ಒಂದು ಕಚೇರಿಯಲ್ಲಿ ಕಿಟಕಿಯಿಂದ ಕಿಟಕಿಗೆ ಕಳಿಸಿದರು. ಇನ್ನೊಂದು ಕಡೆ "ಮುಳುಗಡೆ ಊರಿಗೆ ಈಗ್ಯಾಕೆ ಮೇಡಂ ಪಹಣಿ?" ಅಂತ ನಕ್ಕರು. ಮಧ್ಯಾಹ್ನದ ಊಟದ ಹೊತ್ತು ಮುಗಿಯಲಿ ಎಂದು ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದಾಗ ನನಗೆ ಅಳುವೇ ಬಂದಿತ್ತು. ಇದು ನಮ್ಮ ಮನೆಯವರದ್ದೇ ವಿಷಯ, ನಾನೇ ಏನೋ ಕದಿಯೋಕೆ ಬಂದವಳ ಥರ ನಿಂತಿದ್ದೇನಲ್ಲ ಅನ್ನಿಸಿತು.

ದಾರಿ ತೋರಿಸಿದವರು ಪಕ್ಕದಲ್ಲೇ ಕೂತಿದ್ದ ನಿವೃತ್ತ ಸರ್ವೆಯರ್ ಒಬ್ಬರು. "ಭೂಸ್ವಾಧೀನ ಆಗಿದೆ ಅಂದ್ಮೇಲೆ ಗೆಜೆಟ್‌ನಲ್ಲಿ ಬಂದೇ ಇರುತ್ತೆ ಕಣಮ್ಮ" ಅಂದರು. ಹೌದು. 1894ರ ಭೂಸ್ವಾಧೀನ ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಅಧಿಸೂಚನೆ ಗೆಜೆಟ್‌ನಲ್ಲಿ ಬರಬೇಕಿತ್ತು. ಅದರಲ್ಲಿ ಊರು, ಸರ್ವೆ ನಂಬರ್, ವಿಸ್ತೀರ್ಣ, ಖಾತೆದಾರರ ಹೆಸರು ಸಾಲಾಗಿ ಇತ್ತು. ಅಂದರೆ ಮುಳುಗಿದ ಊರಿನ ಹೊಲದ ಯಜಮಾನರ ಪಟ್ಟಿ ಅಚ್ಚಾಗಿ ಲೈಬ್ರರಿಯಲ್ಲಿ ಕೂತಿದೆ! ಆ ಪುಟದಲ್ಲಿ ನಮ್ಮಜ್ಜನ ಹೆಸರು, ಅದರ ಕೆಳಗೆ ಅವರ ದಾಯಾದಿಗಳ ಹೆಸರು ಕಂಡಾಗ ಕೂತಲ್ಲೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮುಳುಗಡೆ ಊರಿನವರು, ಹೆದ್ದಾರಿಗೆ, ಕಾರ್ಖಾನೆಗೆ ಜಮೀನು ಕೊಟ್ಟವರು ಇದನ್ನು ಮೊದಲು ನೋಡಿ. ನಾವು ಕೊನೆಗೆ ನೋಡಿದೆವು.

ಸರ್ವೆ ನಂಬರ್ ಕೈಗೆ ಬಂದ ಮೇಲೆ ಪರಿಹಾರದ ಪಟ್ಟಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಅಜ್ಜನ ಕಥೆಯೆಲ್ಲ ಅದರಲ್ಲಿ ಬರೆಯಬೇಡಿ. ಊರು, ಸರ್ವೆ ನಂಬರ್, ಯಾವ ಕಾಗದ ಬೇಕು, ಅಷ್ಟು ಸಾಕು. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತೆ. ನನಗೆ ಬಂದ ಮೊದಲ ಉತ್ತರ "ಕಡತ ಲಭ್ಯವಿಲ್ಲ". ಮೇಲ್ಮನವಿ ಹಾಕಿದ ಮೇಲೆ ಅದೇ ಕಡತ ಲಭ್ಯವಾಯಿತು.

ಜನನ ಮರಣ ನೋಂದಣಿ ನಂಬಿ ಕೂರಬೇಡಿ. 1969ರ ಕಾಯ್ದೆಗೆ ಮುಂಚಿನದ್ದು ಅಲ್ಲಲ್ಲಿ ಅಷ್ಟೇ. ಶಾಲೆಯ ದಾಖಲಾತಿ ಪುಸ್ತಕ ಸಿಕ್ಕರೆ ತಂದೆಯ ಹೆಸರಿಗೆ ನಂಬಬಹುದು, ಹುಟ್ಟಿದ ದಿನಕ್ಕೆ ನಂಬುವಂತಿಲ್ಲ. ಮೇಷ್ಟ್ರು ಸೇರಿಸಿಕೊಳ್ಳೋಕೆ ಅನುಕೂಲವಾಗಲಿ ಅಂತ ಬರೆದ ಜೂನ್ ತಿಂಗಳ ತಾರೀಖುಗಳೇ ಜಾಸ್ತಿ.

ಊರಿನ ಶಾನುಭೋಗರ ಮನೆತನದವರು ಈಗ ಹಾಸನದಲ್ಲಿದ್ದಾರೆ. ಅವರು ಒಂದು ಕಡತ ತೋರಿಸಿದರು. ಕಚೇರಿ ಫೈಲಲ್ಲ, ಹಳೇ ಕಾಲದ ಕಡತ: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಮಡಿಕೆ ಮಡಿಕೆಯಾಗಿ ಮಡಿಚಿಟ್ಟದ್ದು. ಅಂಗೈ ತಾಗಿದರೆ ಅಕ್ಷರ ಅಳಿಸುತ್ತೆ. ಜಮೀನೆಲ್ಲ ಖಂಡುಗ, ಕೊಳಗದ ಲೆಕ್ಕದಲ್ಲಿದೆ, ಅಂಕಿ ಎಲ್ಲ ಕನ್ನಡದ್ದು, ಪದಗಳ ಮಧ್ಯೆ ಜಾಗವೇ ಇಲ್ಲ. ಓದೋಕೆ ಗೊತ್ತಿರುವವರನ್ನು ಕರೆದುಕೊಂಡೇ ಹೋಗಬೇಕು. ಬಿಸಿಲಲ್ಲಿ ಬಿಚ್ಚಬೇಡಿ, ಫ್ಲ್ಯಾಶ್ ಬೇಡ, ಕಿಟಕಿಯ ಅಡ್ಡಬೆಳಕಲ್ಲಿ ಫೋಟೋ ಚೆನ್ನಾಗಿ ಬರುತ್ತೆ. ನಮಗೆ ಅದರಲ್ಲಿ ಸಿಕ್ಕಿದ್ದು ಎರಡೇ ಹೆಸರು.

ಈಗ ಯಾರೂ ನನಗೆ ಮೊದಲೇ ಹೇಳದಿದ್ದ ಅಡಚಣೆಗೆ ಬರುತ್ತೇನೆ. ವಂಶಾವಳಿ ಎಂದ ಕೂಡಲೇ ನೆಂಟರಿಗೆ ನೆನಪಾಗುವುದು ಕೋರ್ಟು. ದಾಯಾದಿ ಮಾವ ಒಬ್ಬರು ಕಾಫಿ ಕೊಟ್ಟು, ಕುಶಲ ವಿಚಾರಿಸಿ, ಆಮೇಲೆ ಕೇಳಿದರು. "ನಿಜ ಹೇಳವ್ವ, ಪಾಲು ಕೇಳೋಕೆ ತಾನೇ ಇದೆಲ್ಲ?" ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆಗ ಮದುವೆಯಾಗದೆ ಇದ್ದವರಿಗೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರೂ ಸೇರಿದರು. ಅಲ್ಲಿಯವರೆಗೆ ಮರದ ಚಿತ್ರದಲ್ಲಿ ಮಗಳ ಹೆಸರು ಇದ್ದರೂ ಒಂದೇ, ಬಿಟ್ಟರೂ ಒಂದೇ. ಈಗ ಹಾಗಲ್ಲ. ಅದರ ಮೇಲೆ ಕೇಳೋಕೆ ಬಂದವಳೂ ಮನೆಯ ಮಗಳೇ!

ನಾನು ಮೂರು ಕೆಲಸ ಮಾಡಿದೆ. ಪುಸ್ತಕದಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ ಯಾವುದನ್ನೂ ಹಾಕಲ್ಲ ಎಂದೆ. ಇದು ಕಾನೂನಿನ ದಾಖಲೆ ಅಲ್ಲ ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿಸಿದೆ. ಪ್ರತಿ ಮನೆಗೂ ಅವರವರ ಪುಟದ ಪ್ರೂಫ್ ಕಳಿಸಿ ಸಹಿ ತಗೊಂಡೆ. ಬದುಕಿರುವವರ ಹುಟ್ಟಿದ ತಾರೀಖು, ಎರಡನೇ ಮದುವೆ, ದತ್ತು, ಇವನ್ನೆಲ್ಲ ಅವರು ಬೇಡ ಅಂದರೆ ಬಿಟ್ಟೆ. ಮಗಳನ್ನು ಬಿಡುವುದಕ್ಕೆ ಮಾತ್ರ ಒಪ್ಪಲಿಲ್ಲ. ಆ ಮಾವ ಕೊನೆವರೆಗೂ ಹೆಸರು ಕೊಡಲಿಲ್ಲ. ಅವರ ಕವಲಿನಲ್ಲಿ "ಹೆಣ್ಣುಮಕ್ಕಳ ವಿವರ ಮನೆಯವರು ಕೊಟ್ಟಿಲ್ಲ" ಎಂದೇ ಅಚ್ಚಾಗಿದೆ. ಸೊಸೆ ಓದಿ ನಕ್ಕಳಂತೆ, ಅವರು ಇನ್ನೂ ಮಾತಾಡುತ್ತಿಲ್ಲ.

ಇಷ್ಟಾದ ಮೇಲೆ ಕೈಯಲ್ಲಿದ್ದದ್ದು ಹೆಸರುಗಳ ಒಂದು ಉದ್ದ ಪಟ್ಟಿ. ಓದಿದರೆ ಆಕಳಿಕೆ ಬರುತ್ತಿತ್ತು. ಚಿಕ್ಕಪ್ಪ ನೋಡಿ, "ಇವ್ರೆಲ್ಲ ಹೆಂಗೆ ಬದುಕಿದ್ರು ಅನ್ನೋದು ಎಲ್ಲಿದೆ? ಗೊರೂರು ಬರೆದಿದ್ದಾರಲ್ಲ, ಅದನ್ನಾದ್ರೂ ಓದು" ಅಂದರು. ಶಾಲೆಯ ಪಾಠದಲ್ಲಿ ಓದಿದ್ದು ಬಿಟ್ಟರೆ ನಾನು ಅವರನ್ನು ಸರಿಯಾಗಿ ಓದಿರಲಿಲ್ಲ. ಗೊರೂರು ಹುಟ್ಟಿದ್ದು 1904ರಲ್ಲಿ, ಅದೇ ಹೊಳೆದಂಡೆಯ ಊರಿನಲ್ಲಿ. ಗುಜರಾತ್ ವಿದ್ಯಾಪೀಠದಲ್ಲಿ ಓದಿದ ಗಾಂಧಿವಾದಿ, 1942ರ ಚಳವಳಿಯಲ್ಲಿ ಜೈಲಿಗೆ ಹೋದವರು, 1982ರ ಶಿರಸಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಹಳ್ಳಿಯ ಲೇಖಕ ಎಂದೇ ಹೆಸರಾದವರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅಮೆರಿಕ ಪ್ರವಾಸದ ಪುಸ್ತಕಕ್ಕೆ! ಗಾಂಧಿಯವರ ಆತ್ಮಕಥೆಯನ್ನು ಕನ್ನಡಕ್ಕೆ ತಂದವರೂ ಇವರೇ. ಆ ಪುಸ್ತಕ ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಇತ್ತು, ಅನುವಾದ ಯಾರದೆಂದು ನಾನು ನೋಡಿಯೇ ಇರಲಿಲ್ಲ.

ಗೊರೂರರ 'ಹಳ್ಳಿಯ ಚಿತ್ರಗಳು' ಹಿಡಿದುಕೊಂಡು ಮತ್ತೆ ದೊಡ್ಡಮ್ಮನ ಹತ್ತಿರ ಹೋದೆ. ಈ ಸಲ ಪ್ರಶ್ನೆ ಕೇಳಲಿಲ್ಲ, ಜೋರಾಗಿ ಓದಿದೆ. ಗೊರೂರರದ್ದೇ ಇನ್ನೊಂದು ಪ್ರಬಂಧ ಇದೆಯಲ್ಲ, 'ನಮ್ಮ ಎಮ್ಮೆಗೆ ಮಾತು ತಿಳಿಯುವುದೇ?', ಅದನ್ನೂ ಓದಿದೆ. ದೊಡ್ಡಮ್ಮ ನಗುತ್ತಾ ನಡುವೆ ಬಾಯಿ ಹಾಕಿದರು. "ತಿಳೀದೆ ಏನು? ನಮ್ಮ ಎಮ್ಮೆ ಬೇರೆಯವರು ಕೂತ್ರೆ ಒದೀತಿತ್ತು. ನಿಂಗಮ್ಮತ್ತೆ ಬಂದು ಕೆಚ್ಚಲು ಸವರಿದ್ರೇನೇ ಸೊರ ಬಿಡ್ತಿದ್ದದ್ದು." ಯಾವ ನಿಂಗಮ್ಮತ್ತೆ? "ಅದೇ ಕಣೇ, ಕಟ್ಟಾಯದವಳು!" ತಿಂಗಳುಗಟ್ಟಲೆ ಕೇಳಿ ಸಿಗದ ಹೆಸರು ಎಮ್ಮೆಯ ಹಿಂದೆ ನಡೆದು ಬಂತು. ಅಂದಿನಿಂದ ಅದೇ ದಾರಿ ಹಿಡಿದೆ. ಜಾತ್ರೆಯ ಭಾಗ ಓದಿದರೆ ಯಾರು ಯಾರ ಹೆಗಲ ಮೇಲೆ ಕೂತು ಹೋದರು ಎಂದು ಬರುತ್ತೆ. ಸಾಲದ ವಿಷಯ ಓದಿದರೆ ಯಾರ ಓಲೆ ಯಾರ ಮನೆಗೆ ಅಡವು ಹೋಯಿತು ಎಂದು ಬರುತ್ತೆ. ಎಷ್ಟೋ ಕಡೆ ಅವರು ಗೊರೂರರ ಜೊತೆಗೇ ಜಗಳ ಆಡಿದರು: "ನಮ್ಮೂರಲ್ಲಿ ಹಂಗೆ ಮಾಡ್ತಿರ್ಲಿಲ್ಲ." ಆ ಜಗಳಗಳೇ ಎರಡನೇ ಪುಸ್ತಕವಾದವು. ನಿಮ್ಮ ಸೀಮೆಯ ಬಗ್ಗೆ ಬರೆದ ಲೇಖಕರು ಯಾರೇ ಇರಲಿ, ಹಿರಿಯರ ಮುಂದೆ ಗಟ್ಟಿಯಾಗಿ ಓದಿ ನೋಡಿ. ಪ್ರಶ್ನೆಪಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ.

ಒಂದು ಎಡವಟ್ಟು ಇದೆ. ಹೊಳೆಸಾಲಿನ ಪ್ರತಿ ಮನೆಯಲ್ಲೂ "ಗೊರೂರರ ಕಥೆಯಲ್ಲಿ ಬರೋದು ನಮ್ಮಜ್ಜನೇ" ಅನ್ನುತ್ತಾರೆ. 'ಬೆಸ್ತರ ಕರಿಯ'ನನ್ನು ಕಂಡವರು, 'ಭೂತಯ್ಯನ ಮಗ ಅಯ್ಯು' ಕಥೆಯ ಮನೆ ನಮ್ಮದೇ ಅನ್ನುವವರು ಬೇಕಾದಷ್ಟು ಜನ ಸಿಕ್ಕಿದರು. 1974ರಲ್ಲಿ ಆ ಕಥೆ ಸಿನಿಮಾ ಆದ ಮೇಲಂತೂ ಸಿನಿಮಾದ ದೃಶ್ಯವನ್ನೇ ತಾತನ ನೆನಪು ಎಂದು ಹೇಳುವವರೂ ಇದ್ದಾರೆ. ನಮ್ಮ ಮನೆಯಲ್ಲೂ ಅಂಥ ಒಂದು ಮಾತಿದೆ. ಪುರಾವೆ ಸಿಗಲಿಲ್ಲ, ಪುಸ್ತಕದಲ್ಲಿ ಹಾಕಲಿಲ್ಲ.

ಪುಸ್ತಕ ಹುಡುಕುವವರಿಗೆ: ಹಳೇ ಮುದ್ರಣಗಳು ಎಲ್ಲ ಅಂಗಡಿಯಲ್ಲಿ ಸಿಗಲ್ಲ. ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯ, ವಿಶ್ವವಿದ್ಯಾಲಯದ ಗ್ರಂಥಾಲಯ, ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿ, ಇಂಟರ್‌ನೆಟ್ ಆರ್ಕೈವಿನಲ್ಲಿರುವ ಸ್ಕ್ಯಾನುಗಳು, ಎಲ್ಲವನ್ನೂ ನೋಡಬೇಕು. ಪ್ರಕಟವಾದ ವರ್ಷಕ್ಕೆ ಪಟ್ಟಿಗಳನ್ನು ನಂಬಬೇಡಿ, ಮರುಮುದ್ರಣದ ವರ್ಷವನ್ನೇ ಬರೆದಿರುತ್ತಾರೆ. ಶೀರ್ಷಿಕೆ ಪುಟದ ಹಿಂಭಾಗ ನೋಡಿ.

ಬರಹದ ಹಕ್ಕಿನ, ಅಂದರೆ ಕಾಪಿರೈಟಿನ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗೊರೂರರ ಎರಡು ಪ್ರಬಂಧ ಇಡಿಯಾಗಿ ಹಾಕೋಣ ಎಂದು ನಮಗೆ ಆಸೆ ಇತ್ತು. "ತೀರಿಹೋದವರದ್ದು, ಯಾರು ಬೇಕಾದರೂ ಹಾಕ್ಕೋಬಹುದು" ಅಂದವರೇ ಎಲ್ಲ. ಹಾಗಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತೆ. ಗೊರೂರು ಹೋದದ್ದು 1991ರಲ್ಲಿ, ಅಂದರೆ 2051 ಮುಗಿಯುವವರೆಗೆ. ಸ್ಕ್ಯಾನು ಸುಮ್ಮನೆ ಸಿಗುತ್ತೆ ಅಂದ ಮಾತ್ರಕ್ಕೆ ಅಚ್ಚು ಹಾಕುವ ಅನುಮತಿ ಸಿಕ್ಕಂತಲ್ಲ. ವಿಮರ್ಶೆ ಮಾಡುತ್ತಾ, ಲೇಖಕರ, ಪುಸ್ತಕದ ಹೆಸರು ಹೇಳಿ, ಬೇಕಾದಷ್ಟೇ ಸಾಲು ಎತ್ತಿಕೊಳ್ಳೋಕೆ ಕಾಯ್ದೆಯಲ್ಲಿ ಅವಕಾಶ ಇದೆ. ಎಷ್ಟು ಸಾಲು ಎಂದು ಲೆಕ್ಕ ಕೊಟ್ಟಿಲ್ಲ, ಹಾಗಾಗಿ ಕೈ ಹಿಡಿದು ಬಳಸಬೇಕು. ನಾವು ಇಡೀ ಪ್ರಬಂಧ ಕೈಬಿಟ್ಟು, ಕೆಲವೇ ಸಾಲು ಇಟ್ಟುಕೊಂಡು, ಅವುಗಳ ಪಕ್ಕದಲ್ಲಿ ದೊಡ್ಡಮ್ಮನ ತಕರಾರು ಹಾಕಿದೆವು. ಪುಸ್ತಕ ಅದರಿಂದಲೇ ಚೆನ್ನಾಯಿತು ಅಂತ ನನ್ನ ಅಭಿಪ್ರಾಯ. ನಿಮಗೆ ಇಡೀ ಬರಹವೇ ಬೇಕಿದ್ದರೆ ಶುರುವಿನಲ್ಲೇ ಹಕ್ಕುದಾರರಿಗೆ ಪತ್ರ ಬರೆಯಿರಿ: ಯಾವ ಬರಹ, ಎಷ್ಟು ಪ್ರತಿ, ಮಾರುತ್ತೀರೋ ಹಂಚುತ್ತೀರೋ, ಇ-ಪುಸ್ತಕವೂ ಇದೆಯೋ. ಬಾಯಿಮಾತಿನ ಒಪ್ಪಿಗೆ ಬೇಡ. ಫೋಟೋಗಳ ಹಕ್ಕು ಬೇರೆ, ಅದಕ್ಕೆ ಬೇರೆಯೇ ಕೇಳಬೇಕು.

ಅಚ್ಚಿನ ಮನೆಯಲ್ಲಿ ಕೊನೆಯ ಪರೀಕ್ಷೆ. ನಾನು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದೆ, ಅವರು 'ನುಡಿ' ಎಂಬ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿಕೊಂಡರು. ಪ್ರೂಫ್ ಬಂದಾಗ ಒತ್ತಕ್ಷರ ಕಳಚಿ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ಕಥೆ ಪುಸ್ತಕವಾದರೆ ಓದುವವರು ಸರಿಮಾಡಿಕೊಂಡು ಓದುತ್ತಾರೆ. ವಂಶಾವಳಿಯಲ್ಲಿ ಹೆಸರೇ ಕೆಟ್ಟರೆ ಉಳಿಯುವುದೇನು? ಯೂನಿಕೋಡಿನಲ್ಲೇ ಪುಟ ಕಟ್ಟುವವರನ್ನು ಹುಡುಕಿಕೊಂಡು ಬೇರೆ ಕಡೆ ಹೋದೆವು. ಮುಂಗಡ ಕೊಡುವ ಮೊದಲೇ ಇದನ್ನು ಕೇಳಿ. ಮರದ ಚಿತ್ರವನ್ನು ಮಡಿಚುವ ಹಾಳೆಯಾಗಿ ಹಾಕಿಸಿದ್ದಕ್ಕೆ ಖರ್ಚು ಜಾಸ್ತಿಯಾಯಿತು, ಮಡಿಕೆಯ ಗೆರೆ ಹೆಸರಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕಾಯಿತು. ಕಡಿಮೆ ಪ್ರತಿಗೆ ಡಿಜಿಟಲ್ ಮುದ್ರಣವೇ ಸರಿ. ನಮಗೆ ಪ್ರತಿಗೆ ಇನ್ನೂರು ರೂಪಾಯಿ ಆಸುಪಾಸು ಬಿತ್ತು. ನಿಜವಾಗಿ ಕೈ ಕಚ್ಚಿದ್ದು ಅಚ್ಚಲ್ಲ, ಬಸ್ಸು, ಆಟೋ, ಜೆರಾಕ್ಸು, ಹೋದ ಮನೆಗಳಿಗೆಲ್ಲ ಒಯ್ದ ಹಣ್ಣು. ಆ ಲೆಕ್ಕ ಬರೆದಿಟ್ಟಿಲ್ಲ, ಬರೆಯದಿದ್ದದ್ದೇ ಒಳ್ಳೆಯದು.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರಿಗೆ) ದುಡ್ಡು ಕೊಡಬೇಕಿಲ್ಲ. ರಾಜಾ ರಾಮ್‌ಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಆನ್‌ಲೈನಿನಲ್ಲಿ ಉಚಿತವಾಗಿ ಕೊಡುತ್ತದೆ, ಸ್ವಂತಕ್ಕೆ ಪ್ರಕಟಿಸುವವರೂ ಹಾಕಬಹುದು. ನಡುವಿನವರು "ಮಾಡಿಸಿಕೊಡ್ತೀವಿ" ಎಂದು ಸಾವಿರಗಟ್ಟಲೆ ಕೇಳುತ್ತಾರೆ, ಕೊಡಬೇಡಿ. ಅಚ್ಚಾದ ಮೇಲೆ ಇನ್ನೊಂದು ಕೆಲಸ ಇದೆ, ಮನೆಯಲ್ಲಿ ಅಚ್ಚು ಹಾಕಿಸಿದವರು ಇದನ್ನು ಮಾಡುವುದೇ ಅಪರೂಪ. 1954ರ ಕಾಯ್ದೆಯಂತೆ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲೇ ಕಳಿಸಬೇಕು. ಅಂಚೆ ಕಚೇರಿಯಲ್ಲಿ ಕವರು ನೋಡಿ, "ನಿಮ್ಮ ಮನೆತನದ ಪುಸ್ತಕ ಕೋಲ್ಕತ್ತಾದಲ್ಲಿ ಯಾರು ಓದ್ತಾರೆ ಮೇಡಂ?" ಎಂದು ಕೇಳಿದರು. ಓದದಿದ್ದರೂ ಪರವಾಗಿಲ್ಲ, ಅಲ್ಲಿ ಇರುತ್ತೆ ಎಂದು ರಸೀದಿ ತಗೊಂಡೆ. ಆ ರಸೀದಿಗಳನ್ನು ನೀವೂ ಇಟ್ಟುಕೊಂಡಿರಿ.